ಎಲೆಯ ಮುಂದೆ ಯಾರೂ ಇರಲಿಲ್ಲ

ಆ ವರ್ಷ ತಿಪಟೂರಿನ ಸುತ್ತಮುತ್ತ ನನ್ನನ್ನು ಯಾರೂ ಮದುವೆಗೆ ಕರೆಯುತ್ತಿರಲಿಲ್ಲ. ಊಟಕ್ಕೆ ಕರೆಯುತ್ತಿದ್ದರು, ಫೋಟೋ ತೆಗೆಯಲು ಕರೆಯುತ್ತಿರಲಿಲ್ಲ. ಕಾರಣ ಇಡೀ ಪೇಟೆಗೆ ಗೊತ್ತಿತ್ತು. ವೈಶಾಖದಲ್ಲಿ ತುರುವೇಕೆರೆಯ ಒಂದು ಮದುವೆಯಲ್ಲಿ, ಧಾರೆಗೆ ಇನ್ನೈದು ನಿಮಿಷ ಇದೆ ಎನ್ನುವಾಗ, ಅವಸರದಲ್ಲಿ ಕ್ಯಾಮೆರಾಗೆ ಹೊಸ ರೋಲು ಹಾಕಿದ್ದೆ. ಫಿಲಂನ ತುದಿ ಸುರುಳಿಗೆ ಸಿಕ್ಕಿರಲಿಲ್ಲ. ನಾನು ಕ್ಲಿಕ್ ಮಾಡುತ್ತಲೇ ಹೋದೆ, ಫಿಲಂ ಇದ್ದಲ್ಲೇ ಇತ್ತು. ಆ ಮನೆಯ ಗೋಡೆಯ ಮೇಲೆ ಮಗಳ ಧಾರೆಯ ಫೋಟೋ ಇವತ್ತಿಗೂ ಇಲ್ಲ. ಹುಡುಗಿಯ ತಂದೆ ನನ್ನ ಸ್ಟುಡಿಯೋಗೆ ಬಂದು ಕೂಗಾಡಲಿಲ್ಲ. ಆಲ್ಬಂ ತೆಗೆದುಕೊಂಡು, ಒಂದೊಂದೇ ಹಾಳೆ ಮಗುಚಿ ನೋಡಿ, ಮುಚ್ಚಿ, ನನ್ನ ಮುಖ ನೋಡದೆ ಹೊರಟುಹೋದರು. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆರು ತಿಂಗಳು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದುಕೊಂಡು ಕಾಲ ತಳ್ಳಿದೆ. ಕಾರ್ತಿಕ ಮುಗಿಯುವುದರೊಳಗೆ ಏನೂ ದಾರಿ ಕಾಣದಿದ್ದರೆ ಸ್ಟುಡಿಯೋಗೆ ಬೀಗ ಹಾಕಿ ಭಾವನ ನಾರಿನ ಕಾರ್ಖಾನೆ ಸೇರುವುದೆಂದು ಮನೆಯಲ್ಲಿ ಮಾತಾಗಿತ್ತು. ಆಗ ಬಂದದ್ದು ಈ ಕೆಲಸ.

ಕೊಡಿಸಿದವರು ಒಬ್ಬ ಕೊಬ್ಬರಿ ಮಂಡಿಯ ಯಜಮಾನರು. ತಿಪಟೂರಿನಲ್ಲಿ ಮಂಡಿ, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಲ್ಲುವ ಜಾಗದಲ್ಲೇ ಒಂದು ಹಳೆಯ ಹೆಂಚಿನ ಹೋಟೆಲು. ಪ್ರತಿ ವರ್ಷ ಮೂರು ತಾಲ್ಲೂಕಿನ ಗಿರಾಕಿಗಳಿಗೆ ಕ್ಯಾಲೆಂಡರ್ ಹಂಚುತ್ತಿದ್ದರು. ಆ ವರ್ಷ ಅವರಿಗೊಂದು ಹುಕಿ ಬಂದಿತ್ತು.

"ದೇವ್ರ ಪಟ ಎಲ್ಲಾ ಮಂಡಿಯೋರೂ ಕೊಡ್ತಾರೆ ಕಣ್ರೀ. ಒಂದೊಂದು ಮನೇಲಿ ಆರಾರು ಲಕ್ಷ್ಮಿ ನೇತಾಡ್ತಾ ಅವ್ಳೆ. ನಮ್ದು ಊಟ ಇರ್ಲಿ. ಬಾಳೆಲೆ ಮೇಲೆ, ಕಲರ್‌ನಲ್ಲಿ."

ಕ್ಯಾಲೆಂಡರ್ ಮಾಡಿಸಿಕೊಡಲು ಬೆಂಗಳೂರಿನ ಜಾಹೀರಾತು ಕಂಪನಿಯ ಒಬ್ಬರನ್ನು ಗೊತ್ತು ಮಾಡಿದ್ದರು. ಆತ ಫೋಟೋಗ್ರಾಫರನ್ನೂ ಬೆಂಗಳೂರಿಂದಲೇ ತರುತ್ತೇನೆ ಎಂದಾಗ ಯಜಮಾನರು ನನ್ನ ಹೆಸರು ಹೇಳಿದರಂತೆ. ಯಾರೋ ಪಕ್ಕದಲ್ಲಿದ್ದವರು ಧಾರೆಯ ಕಥೆ ತೆಗೆದರು. "ಒಂದು ದಿನ ಅನ್ನ ಸೀದೋಯ್ತು ಅಂತ ಅಡುಗೆಯೋನ್ನ ಓಡಿಸ್ತಾರೇನ್ರೀ?" ಎಂದರಂತೆ ಯಜಮಾನರು. ಇದು ನನ್ನ ಕಿವಿಗೆ ಬಿದ್ದ ದಿನ ನನಗೆ ಸಂತೋಷಕ್ಕಿಂತ ಹೆದರಿಕೆ ಹೆಚ್ಚಾಯಿತು. ಇನ್ನೊಂದು ಸಲ ಸೀದರೆ ಈ ಮನುಷ್ಯನ ಮಾತೂ ಹೋಗುತ್ತದೆ.

ಕ್ಯಾಲೆಂಡರಿಗೆ ಬೇಕಾಗಿದ್ದದ್ದು ಬಣ್ಣದ ಸ್ಲೈಡು. ಮಾಮೂಲಿ ಫಿಲಂ ಆದರೆ ಬೆಳಕು ಸ್ವಲ್ಪ ಹೆಚ್ಚುಕಡಿಮೆಯಾದರೂ ಕತ್ತಲೆಕೋಣೆಯಲ್ಲಿ ಪ್ರಿಂಟು ಹಾಕುವಾಗ ಸರಿಮಾಡಿಕೊಳ್ಳಬಹುದು. ಸ್ಲೈಡಿನಲ್ಲಿ ಆ ಸವಲತ್ತು ಇಲ್ಲ. ತೆಗೆದದ್ದೇ ಕೊನೆ. ಅರ್ಧ ಪಾಲು ಬೆಳಕು ಹೆಚ್ಚಾದರೆ ಅನ್ನ ಸುಣ್ಣವಾಗುತ್ತದೆ, ಅರ್ಧ ಪಾಲು ಕಡಿಮೆಯಾದರೆ ಸಾರು ಕೆಸರಾಗುತ್ತದೆ. ಆ ಫಿಲಂ ಸಿಗುವುದೂ ಕಷ್ಟ. ಕಂಪನಿಯವರು ತಂದದ್ದು ಒಂದೇ ರೋಲು, ಅದರಲ್ಲಿ ಹನ್ನೆರಡು ಚಿತ್ರ. ಮಧ್ಯಾಹ್ನ ಒಂದೂವರೆಗೆ ಅರಸೀಕೆರೆ ಕಡೆಯಿಂದ ಬರುವ ಬೆಂಗಳೂರು ಬಸ್ಸಿಗೆ ರೋಲಿನ ಜೊತೆ ಅವರು ಹತ್ತಬೇಕು. ಪ್ರೆಸ್ಸಿನಲ್ಲಿ ಜಾಗ ಹಿಡಿದಿಟ್ಟಿರುವುದು ಈ ವಾರಕ್ಕೆ ಮಾತ್ರ. ಚಿತ್ರ ಸರಿಬರದಿದ್ದರೆ ಸಿದ್ಧವಿರುವ ಲಕ್ಷ್ಮಿ ಪಟಕ್ಕೆ ಹೋಟೆಲಿನ ಹೆಸರು ಅಂಟಿಸುವುದು. ಇದನ್ನು ಅವರು ನನಗೆ ಎರಡು ಸಲ ಹೇಳಿದರು.

ಬೆಳಿಗ್ಗೆ ಮೊದಲ ಬಸ್ಸಿಗೇ ಕ್ರಾಸಿನಲ್ಲಿ ಇಳಿದೆ. ನನ್ನ ಜೊತೆ ಅಪ್ಪನ ಕಾಲದ ದೊಡ್ಡ ಕ್ಯಾಮೆರಾ, ಮೇಲಿನಿಂದ ಬಗ್ಗಿ ಗಾಜಿನಲ್ಲಿ ನೋಡುವಂಥದ್ದು, ಮೂರು ಕಾಲಿನ ಸ್ಟ್ಯಾಂಡು, ಬೆಳಕು ಅಳೆಯುವ ಮೀಟರು, ಐನೂರು ವ್ಯಾಟಿನ ಎರಡು ನೀಲಿ ಬಲ್ಬು. ಹೋಟೆಲು ಮುಚ್ಚುವಂತಿರಲಿಲ್ಲ. ಉತ್ತರದ ಗೋಡೆಗೆ ಸೇರಿದ ಒಂದು ಕಲ್ಲಿನ ಮೇಜು, ಅದರ ಹಿಂದಿನ ಬೆಂಚು, ಅಷ್ಟು ಜಾಗಕ್ಕೆ ಹಗ್ಗ ಕಟ್ಟಿಕೊಟ್ಟರು. ಉಳಿದ ಕಡೆ ಜನ ಇಡ್ಲಿ ತಿನ್ನುತ್ತ ನನ್ನನ್ನು ನೋಡುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಧಾರೆಯ ಕಥೆ ಗೊತ್ತಿತ್ತು ಎಂದು ನನಗೆ ಅನ್ನಿಸುತ್ತಿತ್ತು.

ಮೊದಲ ಏಟು ಒಂಬತ್ತಕ್ಕೆ ಬಿತ್ತು. ತೋಟಗಳಲ್ಲಿ ಪಂಪ್‌ಸೆಟ್ಟು ಶುರುವಾದವು, ವೋಲ್ಟೇಜು ಕುಸಿಯಿತು. ನನ್ನ ಬಲ್ಬುಗಳು ಮಂಕಾಗಿ ಕೆಂಪಗಾದವು. ಆ ಬೆಳಕಿನಲ್ಲಿ ತೆಗೆದರೆ ಅನ್ನ ಅರಿಶಿನದ ಚಿತ್ರಾನ್ನವಾಗುತ್ತದೆ. ಹತ್ತರ ತನಕ ಕಾದೆ. ಒಮ್ಮೆ ಏರಿ ಒಮ್ಮೆ ಇಳಿದು ಕೊನೆಗೆ ಫ್ಯೂಸೇ ಹೋಯಿತು.

"ನಾನು ಹೇಳಿರಲಿಲ್ವಾ ಸಾರ್?" ಎಂದರು ಕಂಪನಿಯವರು, ಯಜಮಾನರ ಕಡೆ ತಿರುಗಿ. ನನ್ನನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ನನಗೆ ಮೈ ಉರಿದುಹೋಯಿತು. ಉರಿಯನ್ನು ತೋರಿಸಲು ಜಾಗವಿಲ್ಲದೆ ತಲೆ ಎತ್ತಿ ಸೂರು ನೋಡುತ್ತ ನಿಂತೆ. ಆಗ ಕಂಡಿತು. ಬೆಂಚಿನ ಮೇಲ್ಗಡೆ ಇದ್ದದ್ದು ಮಾಡಿನ ಉತ್ತರದ ಇಳಿಜಾರು. ಕಾರ್ತಿಕದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ, ಆ ಕಡೆಗೆ ನೇರ ಬಿಸಿಲು ಬೀಳುವುದಿಲ್ಲ. ಹೆಂಚು ತೆಗೆದರೆ ಬರುವುದು ಬರೀ ಆಕಾಶದ ಬೆಳಕು.

"ಯಜಮಾನ್ರೇ, ಹತ್ತು ಹೆಂಚು ಸರಿಸ್ಲಾ?" ಎಂದು ಕೇಳಿದೆ.

ಅವರು ಸೂರನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು. "ಮಳೆಗಾಲ ಮುಗ್ದೈತೆ, ಸರ್ಸಿ. ಒಡೀಬೇಡಿ."

ಏಣಿ ಹತ್ತಿ ಒಳಗಿನಿಂದಲೇ ಒಂದೊಂದಾಗಿ ಹೆಂಚು ಮೇಲಕ್ಕೆತ್ತಿ ಪಕ್ಕಕ್ಕೆ ಸರಿಸಿದೆ. ಮೂವತ್ತು ವರ್ಷದ ಒಲೆಯ ಹೊಗೆ ಅಲ್ಲಿ ಇಲ್ಲಣವಾಗಿ ಕಟ್ಟಿತ್ತು. ಕರಿಯ ಮಸಿ ಎಳೆಎಳೆಯಾಗಿ ನನ್ನ ತಲೆ, ಶರ್ಟು, ಕಲ್ಲಿನ ಮೇಜು ಎಲ್ಲದರ ಮೇಲೂ ಇಳಿಯಿತು. ಅಡುಗೆಯವರು ಒಳಗಿನಿಂದ ಬಂದು ನೋಡಿ, ಒಂದು ಬಕೆಟ್ ನೀರು ತಂದಿಟ್ಟರು. ಅವರು ಕಂದಿಕೆರೆ ಕಡೆಯವರು, ಐವತ್ತೈದರ ಮೇಲಿನ ವಯಸ್ಸು. ಹೋಟೆಲು ಶುರುವಾದಾಗಿನಿಂದ ಅದೇ ಒಲೆಯ ಮುಂದೆ ನಿಂತವರು. ಅವರೇ ಮೇಜನ್ನು ಮೂರು ಸಲ ತೊಳೆದರು. ಬೀಳುವ ಮಸಿಯನ್ನು ತಡೆಯಲು, ಬೆಳಕನ್ನು ಮೆತ್ತಗೆ ಮಾಡಲು, ಯಜಮಾನರ ಒಗೆದ ಬಿಳಿ ಪಂಚೆಯೊಂದನ್ನು ತೆರಪಿನ ಕೆಳಗೆ ನಾಲ್ಕು ಮೂಲೆ ಎಳೆದು ಕಟ್ಟಿದೆ. ಮೀಟರು ಹಿಡಿದು ನೋಡಿದರೆ ಬೆಳಕು ಸಮನಾಗಿತ್ತು, ಆದರೆ ಸಾಲದು. ಲೆನ್ಸಿನ ಕಿಂಡಿ ಎಂಟರಲ್ಲಿಟ್ಟರೆ ಶಟರು ಕಾಲು ಸೆಕೆಂಡು ತೆರೆದಿರಬೇಕು. ಎಲೆ ಅಲ್ಲಾಡುವುದಿಲ್ಲವಲ್ಲ, ಪರವಾಗಿಲ್ಲ ಎಂದುಕೊಂಡೆ.

ಕಂಪನಿಯವರು ಬೆಂಗಳೂರಿನಲ್ಲೇ ಬರೆಸಿ ತಂದಿದ್ದ ಒಂದು ನಕ್ಷೆ ಇತ್ತು. ಅದರ ಪ್ರಕಾರ ಚಿತ್ರದಲ್ಲಿ ಮನುಷ್ಯರು ಇರಬಾರದು. ಎಲೆ ಬೆಂಚಿನ ಕಡೆಗೆ, ಕ್ಯಾಮೆರಾ ಎದುರಿನಿಂದ. ಎಲೆಯ ಪಕ್ಕದಲ್ಲಿ ತಂಬಿಗೆಯಲ್ಲಿ ನೀರು. ತೆಂಗಿನ ಸೀಮೆ ಎಂದು ಗೊತ್ತಾಗಬೇಕು, ಆದ್ದರಿಂದ ಒಡೆದ ಕಾಯಿಯ ಎರಡು ಹೋಳು. ಬಣ್ಣಕ್ಕೆ ಬಾಳೆಹಣ್ಣು, ವೀಳ್ಯದೆಲೆ. ಅನ್ನದ ಹಬೆ ಫಿಲಂನಲ್ಲಿ ನಿಲ್ಲುವುದಿಲ್ಲವಾದ್ದರಿಂದ ತಂಬಿಗೆಯ ಮರೆಯಲ್ಲಿ ಊದುಬತ್ತಿ ಹಚ್ಚಬೇಕು, ಅದರ ಹೊಗೆಯೇ ಹಬೆಯಾಗಿ ಕಾಣುತ್ತದೆ. ಇದು ಬೆಂಗಳೂರಿನಲ್ಲಿ ಎಲ್ಲರೂ ಮಾಡುವ ಉಪಾಯವಂತೆ. ನಾನು ಎರಡು ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚಿ ನಿಲ್ಲಿಸಿದೆ.

"ಊದ್ಬತ್ತಿ ಯಾಕಪ್ಪ?" ಎಂದು ಅಡುಗೆಯವರು ಕೇಳಿದರು.

"ಹೊಗೆಗೆ ಅಣ್ಣ."

ಅವರು ಊದುಬತ್ತಿಯ ಕಡೆ ಇನ್ನೊಮ್ಮೆ ನೋಡಿ ಬಡಿಸಿದರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ, ಕಾಯಿಚಟ್ನಿ, ಕಾಯಿ ಒಬ್ಬಟ್ಟು, ಹಪ್ಪಳ, ನಡುವೆ ಅನ್ನ, ಅದರ ಮೇಲೆ ತೊವ್ವೆ, ತುಪ್ಪ. ಒಂದು ಖಾಲಿ ಎಲೆಯಲ್ಲಿ ಮೊದಲು ಅಭ್ಯಾಸ ಮಾಡಿಕೊಂಡಿದ್ದೆವು, ಏಕೆಂದರೆ ಚಟ್ನಿ ಹತ್ತು ನಿಮಿಷದಲ್ಲಿ ನೀರು ಬಿಡುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ತುಪ್ಪ ಹೆಪ್ಪುಗಟ್ಟುತ್ತದೆ. ಗಾಜಿನಲ್ಲಿ ಎಲ್ಲವೂ ಎಡಬಲ ಅದಲುಬದಲಾಗಿ ಕಾಣುತ್ತದೆ. ಒಬ್ಬಟ್ಟನ್ನು ಒಂದು ಬೆರಳು ಎಡಕ್ಕೆ ಸರಿಸಬೇಕೆಂದರೆ ಬಲಕ್ಕೆ ಸರಿಸುತ್ತಿದ್ದೆ. ಬೆವರು ಗಾಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ನೋಡುತ್ತಿದ್ದದ್ದು ಅನ್ನದ ಬಿಳುಪು, ತುಪ್ಪದ ಹೊಳಪು, ಹೊಗೆಯ ಎಳೆ. ಒಂದು, ಎರಡು, ಬೆಳಕು ಕೊಂಚ ಬದಲಿಸಿ ಮೂರು, ನಾಲ್ಕು. ಹೊಸ ಹಪ್ಪಳ, ಹೊಸ ಚಟ್ನಿ. ಎಂಟು ಚಿತ್ರ ಮುಗಿದಾಗ ಹನ್ನೆರಡೂವರೆ. ಆರು ತಿಂಗಳಲ್ಲಿ ಮೊದಲ ಸಲ ನನ್ನ ಕೆಲಸ ನನಗೇ ಚೆನ್ನಾಗಿದೆ ಅನ್ನಿಸಿತ್ತು.

ಒಂಬತ್ತನೆಯದಕ್ಕೆ ಅಡುಗೆಯವರು ಬಿಸಿ ಅನ್ನ ತಂದು ಬಗ್ಗಿದರು. ಅಷ್ಟರಲ್ಲಿ ಮೇಲೆ ಕಟ್ಟಿದ್ದ ಪಂಚೆ ಕೆಳಕ್ಕೆ ಜಗ್ಗಿತು. ತೆರಪಿನಿಂದ ಒಂದು ಕಾಗೆ ಬಂದು ಬಟ್ಟೆಯ ಮೇಲೆ ಕುಳಿತಿತ್ತು. ಅದರ ಆಕಾರ ಬಟ್ಟೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡು ಹೆಜ್ಜೆ ಹಾಕಿ, ಅಂಚಿಗೆ ಬಂದು, ಕತ್ತು ಬಗ್ಗಿಸಿ ಎಲೆಯನ್ನು ನೋಡಿ ಕಾ ಎಂದಿತು.

ಊಟಕ್ಕೆ ಕೂತಿದ್ದವರು ಯಾರೂ ನಗಲಿಲ್ಲ. ಅಡುಗೆಯವರು ಬಡಿಸಲು ಎತ್ತಿದ್ದ ಅನ್ನವನ್ನು ಪಾತ್ರೆಗೆ ವಾಪಸು ಹಾಕಿದರು.

"ನಾ ಬಡ್ಸಲ್ಲ ಕಣಪ್ಪ," ಎಂದರು ಮೆಲ್ಲಗೆ. "ಇದು ಊಟದ ಎಲೆ ಅಲ್ಲ. ಎಡೆ."

ಕ್ಯಾಮೆರಾ ಬಿಟ್ಟು ಬರಿಗಣ್ಣಿನಲ್ಲಿ ನೋಡಿದೆ. ಪಿತೃಪಕ್ಷ ಕಳೆದು ಒಂದೂವರೆ ತಿಂಗಳಾಗಿತ್ತು. ನಮ್ಮ ಮನೆಯಲ್ಲೂ ಹೀಗೇ ಇಟ್ಟಿದ್ದೆವು. ಸತ್ತ ಹಿರಿಯರಿಗೆ ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಎಲೆಯ ತುಂಬ ಬಡಿಸಿ, ಪಕ್ಕದಲ್ಲಿ ತಂಬಿಗೆ ನೀರು, ಒಡೆದ ಕಾಯಿ, ವೀಳ್ಯದೆಲೆ, ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಎಲೆಯ ಮುಂದೆ ಯಾರೂ ಕೂರುವುದಿಲ್ಲ. ಆಮೇಲೆ ಸೂರಿನ ಮೇಲೆ ಕಾಗೆಗೆ ಇಟ್ಟು ಅದು ಮುಟ್ಟುವ ತನಕ ಕಾಯುತ್ತೇವೆ. ನಾನು ಹುಟ್ಟಿದಾಗಿನಿಂದ ನೋಡಿದ್ದನ್ನು ನನ್ನ ಕೈಯಾರೆ ಜೋಡಿಸಿ, ಎಂಟು ಸಲ ಫೋಟೋ ತೆಗೆದು, ಚೆನ್ನಾಗಿದೆ ಎಂದು ಬೀಗಿದ್ದೆ. ಬೆಂಗಳೂರಿನವರು ಮಾಡಿದರೆ ಗೊತ್ತಿಲ್ಲದೆ ಮಾಡಿದರು ಎನ್ನಬಹುದು. ನನಗೆ ಆ ನೆವವೂ ಇರಲಿಲ್ಲ.

ಯಜಮಾನರ ಮುಖ ಇಳಿದುಹೋಯಿತು. "ಇದ್ನ ಮೂರು ತಾಲ್ಲೂಕಿನ ಮನೆಮನೇಲಿ ವರ್ಷಪೂರ್ತಿ ನೇತಾಕ್ಸದಾ?" ಎಂದರು.

"ಅದೆಲ್ಲ ಯಾರು ನೋಡ್ತಾರೆ ಸಾರ್?" ಎಂದರು ಕಂಪನಿಯವರು. "ಊದುಬತ್ತಿ ಕಡ್ಡಿ ಕಂಡ್ರೆ ಪ್ರೆಸ್‌ನಲ್ಲಿ ಆರ್ಟಿಸ್ಟ್ ಬ್ರಷ್‌ನಲ್ಲಿ ತೆಗೀತಾನೆ. ಎಂಟು ಚಿತ್ರ ಆಗಿದೆ, ಬೆಳಕು ಚೆನ್ನಾಗಿದೆ. ನಾನೇ ಒಪ್ತಾ ಇದೀನಲ್ಲ."

ಬೆಳಗಿನಿಂದ ಅವರು ನನ್ನ ಕೆಲಸವನ್ನು ಹೊಗಳಿದ್ದು ಅದೊಂದೇ ಸಲ. ನಿಜ ಹೇಳುತ್ತೇನೆ, ಆ ಕ್ಷಣ ಸುಮ್ಮನಿದ್ದುಬಿಡೋಣ ಅನ್ನಿಸಿತು. ಆ ಎಂಟರಲ್ಲಿ ಕಸುಬಿನ ತಪ್ಪು ಒಂದೂ ಇಲ್ಲವೆಂದು ನನಗೆ ಗೊತ್ತಿತ್ತು. ರೋಲು ಕೊಟ್ಟು ಕಳಿಸಿದರೆ ನಾನು ಬಣ್ಣದ ಕೆಲಸ ಮಾಡಬಲ್ಲೆ ಎಂದಾಗುತ್ತದೆ. ಕ್ಯಾಲೆಂಡರ್ ನೋಡಿ ಜನ ಮುಖ ಸಿಂಡರಿಸಿದರೆ ನಕ್ಷೆ ಬರೆದವರ ತಪ್ಪು. ಅಡುಗೆಯವರು ಪಾತ್ರೆ ಹಿಡಿದು ಇನ್ನೂ ಅಲ್ಲೇ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು.

"ಯಜಮಾನ್ರೇ, ಆ ಎಂಟೂ ಹೋಯ್ತು ಅನ್ಕೊಳಿ," ಎಂದೆ. "ಇನ್ನು ನಾಲ್ಕು ಐತೆ. ಎಲೆ ಮುಂದೆ ಒಬ್ರನ್ನ ಕೂರಿಸಿ ಊಟ ಮಾಡೋದನ್ನೇ ತೆಗೀತೀನಿ. ಬಂದ್ರೆ ಬಂತು. ಬರ್ಲಿಲ್ಲ ಅಂದ್ರೆ ಲಕ್ಷ್ಮಿನೇ ಹಾಕ್ಸಿ."

"ಕಾಲು ಸೆಕೆಂಡಲ್ಲಿ ಕೈ ಅಲ್ಲಾಡದೆ ಇರತ್ತೇನ್ರೀ?" ಎಂದರು ಕಂಪನಿಯವರು. ಪ್ರಶ್ನೆ ಸರಿಯಾಗಿಯೇ ಇತ್ತು. ಲೆನ್ಸಿನ ಕಿಂಡಿ ಅಗಲ ಮಾಡಿದರೆ ಎಲೆಯ ಅರ್ಧ ಮಂಜಾಗುತ್ತದೆ.

ಯಜಮಾನರು ಉತ್ತರ ಕೇಳಲಿಲ್ಲ. ಆ ಎಲೆಯನ್ನು ತಾವೇ ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಹೊರಗಿನ ಕಲ್ಲಿನ ಮೇಲಿಟ್ಟು ಬಂದರು. ಕಾಗೆ ಪಂಚೆ ಬಿಟ್ಟು ಅಲ್ಲಿಗೆ ಹಾರಿತು. ನಾನು ಕಾಯಿ, ಊದುಬತ್ತಿ, ವೀಳ್ಯದೆಲೆ ಎಲ್ಲ ತೆಗೆದೆ. ಯಾರನ್ನು ಕೂರಿಸುವುದು? ಉಂಗುರದ ಕೈ ಚೆನ್ನಾಗಿ ಕಾಣುತ್ತದೆ, ಯಜಮಾನರೇ ಕೂರಲಿ ಎಂದರು ಕಂಪನಿಯವರು. ಯಜಮಾನರು ಹತ್ತು ಗಂಟೆಗೆ ಎರಡು ದೋಸೆ ತಿಂದದ್ದನ್ನು ನಾನು ನೋಡಿದ್ದೆ. ಹೊಟ್ಟೆ ತುಂಬಿದವನ ಕೈ ಎಲೆಯ ಮೇಲೆ ನಾಟಕ ಮಾಡುತ್ತದೆ.

"ಅಣ್ಣ, ನೀವು ಕೂತ್ಕೊಳಿ," ಎಂದೆ ಅಡುಗೆಯವರಿಗೆ.

"ಬಸ್ ಬರೋ ಹೊತ್ತು. ನಾ ಕೂತ್ರೆ ಬಡ್ಸೋರ್ಯಾರು? ನಾ ಉಣ್ಣೋದು ನಾಲ್ಕು ಗಂಟೆಗೆ, ಒಳ್ಗಡೆ."

"ನಾ ಬಡ್ಸ್ತೀನಿ, ಕೂತ್ಕೊಳಯ್ಯ," ಎಂದರು ಯಜಮಾನರು. ಅಷ್ಟು ವರ್ಷದಲ್ಲಿ ಆ ಹೋಟೆಲಿನ ಬೆಂಚಿನ ಮೇಲೆ ಅಡುಗೆಯವರು ಕೂತದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು. ಕೈ ತೊಳೆದು, ಹೆಗಲ ಟವೆಲಿನಲ್ಲಿ ಒರೆಸಿಕೊಂಡು, ಅಂಚಿನಲ್ಲಿ ಕೂತರು. ಹೊಸ ಎಲೆ ಹಾಸಿದೆವು. ಯಜಮಾನರು ಪಂಚೆ ಎತ್ತಿಕಟ್ಟಿ ಬಡಿಸತೊಡಗಿದರು, ಪಲ್ಯದ ಜಾಗಕ್ಕೆ ಕೋಸಂಬರಿ ಹಾಕಿ ಅಡುಗೆಯವರಿಂದ ತಿದ್ದಿಸಿಕೊಂಡರು.

ಒಂಬತ್ತನೆಯ ಚಿತ್ರದಲ್ಲಿ ಕೈ ಅಲ್ಲಾಡಿತು. ಕ್ಲಿಕ್ ಆಗುವಾಗಲೇ ಗೊತ್ತಾಯಿತು. ಹತ್ತನೆಯದಕ್ಕೆ "ಹಂಗೇ ಇರಿ" ಎಂದೆ. ಅವರ ಕೈ ಪಾಸ್‌ಪೋರ್ಟ್ ಫೋಟೋಗೆ ಕೂತ ಮುಖದ ಹಾಗೆ ಬಿಗಿದುಕೊಂಡಿತು. ಹನ್ನೊಂದನೆಯದಕ್ಕೆ ಕಾಯುತ್ತಿರುವಾಗ ಹೊರಗೆ ಹಾರನ್ ಕೇಳಿಸಿತು. ಬೆಂಗಳೂರು ಬಸ್ಸು ಕಾಲು ಗಂಟೆ ಮುಂಚೆಯೇ ಬಂದುಬಿಟ್ಟಿತ್ತು. ಹಸಿದ ಜನ ಒಳಗೆ ನುಗ್ಗಿದರು, ಯಾರೋ ಹಗ್ಗ ದಾಟುವಾಗ ಸ್ಟ್ಯಾಂಡಿನ ಕಾಲು ಎಡವಿದರು, ನನ್ನ ಬೆರಳು ಒತ್ತಿಹೋಯಿತು. ಇನ್ನು ಒಂದೇ ಒಂದು.

"ಡ್ರೈವರ್ ಹತ್ತು ನಿಮಿಷ ಅಂತಿದಾನೆ," ಎಂದರು ಕಂಪನಿಯವರು ಬಾಗಿಲಿನಿಂದ.

ಧಾರೆಯ ಆಲ್ಬಂ, ಅದನ್ನು ಮುಚ್ಚಿದ ಆ ಕೈ, ಎಲ್ಲ ಕಣ್ಣ ಮುಂದೆ ಬಂದವು. ಸ್ಟ್ಯಾಂಡು ಮತ್ತೆ ನೆಟ್ಟಗೆ ಮಾಡಿ, ದೂರ ಅಳೆದು, ತಲೆ ಎತ್ತಿದೆ. ಗಾಜಿನೊಳಗೆ ನೋಡುವುದನ್ನೇ ಬಿಟ್ಟೆ.

"ಊಟ ಮಾಡಿ ಅಣ್ಣ. ನನ್ನ ನೋಡ್ಬೇಡಿ."

ಅವರು ನಿಜವಾಗಿ ಹಸಿದಿದ್ದರು. ನಾಲ್ಕು ತುತ್ತು ತೊವ್ವೆ ಅನ್ನ ಉಂಡರು. ಮತ್ತೆ ಬಿಸಿ ಅನ್ನ ಬಿತ್ತು. ಅವರು ಅದರ ನಡುವೆ ಬೆರಳಿನಿಂದ ಗುಳಿ ಮಾಡಿ, ಅಂಗೈಯನ್ನು ಅನ್ನದ ಬದಿಗೆ ಕಟ್ಟೆಯ ಹಾಗೆ ಇಟ್ಟು, ಸಾರಿಗಾಗಿ ಕಾದರು. ಎಲೆಯ ಮೇಲೆ ಸಾರು ಹಾಕಿಸಿಕೊಳ್ಳುವಾಗ ನಾವೆಲ್ಲ ಮಾಡುವುದೇ ಅದು. ಸಾರು ಹರಿದುಹೋಗಬಾರದು, ಆದ್ದರಿಂದ ಕೈ ಅಲ್ಲಾಡುವುದಿಲ್ಲ. ಯಾರೂ ಹೇಳಿಕೊಡದೆ, ಯಾರೂ ಹಿಡಿಯದೆ, ಆ ಕೈ ಅಲ್ಲಿ ನಿಂತಿತ್ತು.

"ಯಜಮಾನ್ರೇ, ಸಾರು. ನಿಧಾನಕ್ಕೆ."

ಕುದಿಯುವ ಸಾರು ಸಣ್ಣಗೆ ಗುಳಿಗೆ ಇಳಿಯಿತು. ಹಿಂದಿನಿಂದ ಬರುತ್ತಿದ್ದ ಆಕಾಶದ ಬೆಳಕಿನಲ್ಲಿ ಹಬೆ ಎದ್ದು ಕಂಡಿತು. ನಾನು ಉಸಿರು ಬಿಗಿಹಿಡಿದು ಒತ್ತಿದೆ.

ರೋಲು ಕೊನೆಯ ತನಕ ಸುತ್ತಿ, ಹೊರತೆಗೆದು, ಅಂಟಿನ ಪಟ್ಟಿಯನ್ನು ನಾಲಿಗೆಗೆ ತಾಗಿಸಿ ಅಂಟಿಸಿದೆ. ಕಂಪನಿಯವರು ಅದನ್ನು ಜೇಬಿಗೆ ಹಾಕಿಕೊಂಡು ಬಸ್ಸಿಗೆ ಓಡಿದರು. ತಿರುಗಿ ನೋಡಿದರೆ ಅಡುಗೆಯವರು ಇನ್ನೂ ಉಣ್ಣುತ್ತಿದ್ದರು. ಅರ್ಧ ಉಂಡ ಎಲೆಯಿಂದ ಏಳುವಂತಿಲ್ಲವಲ್ಲ. ಬಸ್ಸಿನವರಿಗೂ ಅವರಿಗೂ ಯಜಮಾನರು ಬೆವರುತ್ತ ಮಜ್ಜಿಗೆ ಬಡಿಸುತ್ತಿದ್ದರು.

ಒಂಬತ್ತು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಹತ್ತನೆಯ ದಿನ ಯಜಮಾನರು ಸ್ಲೈಡುಗಳನ್ನು ಸ್ಟುಡಿಯೋಗೆ ತಂದು ಮೇಜಿನ ಮೇಲಿಟ್ಟರು. ಕಿಟಕಿಗೆ ಹಿಡಿದು ನೋಡಿದೆ. ಮೊದಲ ಎಂಟು ಅಚ್ಚುಕಟ್ಟಾಗಿದ್ದವು, ಮತ್ತೆ ನೋಡಲು ಮನಸ್ಸಾಗಲಿಲ್ಲ. ಮೂರು ಕೆಟ್ಟಿದ್ದವು. ಹನ್ನೆರಡನೆಯದರಲ್ಲಿ ಸುಟ್ಟ ಕಲೆಗಳ ಆ ದಪ್ಪ ಕೈ, ಅನ್ನದ ಗುಳಿ, ಸಾರಿನ ಧಾರೆ, ಹಬೆ. "ಇದೇ ಪ್ರಿಂಟಾಗ್ತೈತೆ," ಎಂದರು ಯಜಮಾನರು. ನಾನು ಅವರ ಮುಂದೆಯೇ ಕೂತು ಅತ್ತುಬಿಟ್ಟೆ. ಅವರು ಕಿಟಕಿಯ ಕಡೆ ತಿರುಗಿ ಸ್ಲೈಡು ನೋಡುತ್ತ ನಿಂತರು.

ಕ್ಯಾಲೆಂಡರ್ ಬಂದಾಗ ಅಡುಗೆಯವರು ಅದನ್ನು ಬಹಳ ಹೊತ್ತು ನೋಡಿದರು. "ಅನ್ನದ ಮೇಲೆ ಇಲ್ಲಣ ಬಿದ್ದೈತೆ," ಎಂದು ಬೆರಳಿಟ್ಟು ತೋರಿಸಿದರು. ನಿಜ, ಸಾಸಿವೆಯಷ್ಟು ಕರಿ ಚುಕ್ಕೆ ಇತ್ತು.

ಮಾಘದಲ್ಲಿ ಒಂದು ದಿನ ತುರುವೇಕೆರೆಯ ಆ ಹುಡುಗಿಯ ತಂದೆ ಸ್ಟುಡಿಯೋ ಬಾಗಿಲಲ್ಲಿ ನಿಂತರು. ನಾನು ಎದ್ದು ನಿಂತೆ. ಅವರು ಒಳಗೆ ಬರಲಿಲ್ಲ.

"ಆ ಊಟದ ಕ್ಯಾಲೆಂಡರ್ ನಿಮ್ದಂತೆ."

"ಹೌದು."

"ಧಾರೆ ಫೋಟೋಕ್ಕೆ ಅಂತ ಮೊಳೆ ಹೊಡ್ದಿದ್ದೆ. ಖಾಲಿ ಇತ್ತು. ಅದ್ಕೇ ನೇತಾಕಿದೀವಿ."

ಅವರು ಬೀದಿಯ ಕಡೆ ನೋಡುತ್ತ, "ಬರೋ ಬುಧವಾರ ಮಗ್ಳ ಸೀಮಂತ. ಬತ್ತೀರಾ?" ಎಂದರು.

"ಬತ್ತೀನಿ."

"ರೋಲು ಇಲ್ಲೇ ಹಾಕ್ಕೊಂಡು ಬನ್ನಿ," ಎಂದು ಹೇಳಿ ಮೆಟ್ಟಿಲಿಳಿದರು.

ಬುಧವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಅವರು ಬೀದಿಯ ತಿರುವು ದಾಟುವ ಮೊದಲೇ ನಾನು ಕ್ಯಾಮೆರಾ ತೆಗೆದು ರೋಲು ಹಾಕಿದೆ. ಹಿಂಬದಿಯ ಮುಚ್ಚಳ ಹಾಕುವ ಮುಂಚೆ, ಫಿಲಂನ ತುದಿ ಸುರುಳಿಗೆ ಸಿಕ್ಕಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದೆ.